ಮೂಗು ಕಟ್ಟಿದ ಅಡುಗೆ

ವೈನಿಯ ಬಂಗಾರದ ಪಾಟಲಿಗಳ ಮೇಲೆ ನನಗೆ ಹೊಟ್ಟೆಕಿಚ್ಚಿರಲಿಲ್ಲ. ಅವರ ಮೊದಲನೆಯದೇ ಗಂಡಾಯಿತು ಎಂದೂ ಇರಲಿಲ್ಲ. ಇದ್ದದ್ದು ಅವರ ಮೂಗಿನ ಮೇಲೆ. ವೈನಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಹಿರೇಕೆರೂರಿನವರು. ನಾನು ಹಾನಗಲ್ಲಿನವಳು. ಇಬ್ಬರೂ ಸವಣೂರಿನ ಒಂದೇ ಮನೆಗೆ ಸೊಸೆಯರಾಗಿ ಬಂದೆವು, ಅವರು ನನಗಿಂತ ನಾಲ್ಕು ವರ್ಷ ಮುಂಚೆ.

ನಮ್ಮದು ಮಡಿಯ ಮನೆ. ದೇವರಿಗೆ ನೈವೇದ್ಯವಾಗುವ ತನಕ ಅಡುಗೆ ಮಾಡಿದವಳು ಒಂದು ಹನಿ ಸಾರನ್ನೂ ನಾಲಿಗೆಗೆ ತಾಗಿಸುವ ಹಾಗಿರಲಿಲ್ಲ. ಉಪ್ಪು ಸಾಕೋ ಬೇಕೋ ಎಂಬುದನ್ನು ಅಂದಾಜಿನಲ್ಲೇ ತಿಳಿಯಬೇಕು. ವೈನಿ ಪಾತ್ರೆಯ ಮುಚ್ಚಳ ಸರಿಸಿ, ಹಬೆಯ ಮೇಲೆ ಸ್ವಲ್ಪ ಬಾಗಿ, "ಉಪ್ಪು ಕಡಿಮಿ ಅದ" ಎನ್ನುತ್ತಿದ್ದರು. ಉಪ್ಪಿಗೆ ಎಲ್ಲಿಯ ವಾಸನೆ? ಆದರೂ ಊಟಕ್ಕೆ ಕೂತ ಮೇಲೆ ಅವರ ಮಾತು ಒಂದು ದಿನವೂ ತಪ್ಪುತ್ತಿರಲಿಲ್ಲ. ಅತ್ತೆ ಬಂದವರ ಮುಂದೆಲ್ಲ "ನಮ್ಮ ಹಿರೇಕೆರೂರಿನ ಮೂಗು" ಎಂದು ಹೊಗಳುತ್ತಿದ್ದರು. ಹಾನಗಲ್ಲಿನವರಿಗೆ ದೇವರು ಮೂಗು ಕೊಟ್ಟಿಲ್ಲವೇನು ಎಂದುಕೊಂಡು ನಾನು ಬೀಸುವ ಕಲ್ಲನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತಿದ್ದೆ.

ಕೊಟ್ಟಿದ್ದ. ತವರಿನಲ್ಲಿ ಮೂರು ಮನೆಯಾಚೆ ಹೊಸ ಅಕ್ಕಿಯ ಅನ್ನ ಕುದ್ದರೂ ನನಗೆ ಗೊತ್ತಾಗುತ್ತಿತ್ತು. ಆದರೆ ಸವಣೂರಿನ ಒಲೆಯ ಮುಂದೆ ಕೂಡ್ರುವ ಹಕ್ಕು ಹಿರಿಯ ಸೊಸೆಯದು. ತಿಂಗಳಿಗೆ ನಾಲ್ಕು ದಿನ ಅವರು ಹೊರಗೆ ಕೂತಾಗ ಮಾತ್ರ ಆ ಮಣೆ ನನ್ನದಾಗುತ್ತಿತ್ತು. ಆ ನಾಲ್ಕು ದಿನ ನಾನು ಜೀವ ತೇದು ಅಡುಗೆ ಮಾಡುತ್ತಿದ್ದೆ. ನಮ್ಮವರು ಉಂಡು, ಕೈ ತೊಳೆದು, ಒಂದು ಮಾತಿಲ್ಲದೆ ಎದ್ದು ಹೋಗುತ್ತಿದ್ದರು. ಚೆನ್ನಾಗಿದೆ ಎಂದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಸಿಟ್ಟು ಬರುತ್ತಿತ್ತು.

ಮದುವೆಯಾದ ಮೂರನೆಯ ವರ್ಷ ನನಗೆ ವಿಷಮಜ್ವರ ಬಂತು. ಕೂದಲು ಉದುರಿತು, ಕಾಲು ಕಡ್ಡಿಯಾಯಿತು. ಹಾನಗಲ್ಲಿಗೆ ಕರೆದುಕೊಂಡು ಹೋಗಿ ಅವ್ವ ಎರಡು ತಿಂಗಳು ಆರೈಕೆ ಮಾಡಿದಳು. ಗಂಜಿಗೆ ತುಪ್ಪ ಹಾಕಿ ಕೊಟ್ಟರೆ ಬರೀ ಜಿಡ್ಡು. "ರುಚಿನ ಇಲ್ಲವ್ವಾ" ಎಂದೆ. "ಜ್ವರದ ಬಾಯಿ, ಬರ್ತದ ತಡಿ" ಎಂದಳು. ಕೂದಲು ಬಂತು, ಕಾಲಿಗೆ ಕಸುವು ಬಂತು, ರುಚಿ ಬರಲಿಲ್ಲ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಡಬ್ಬಿಗಳನ್ನೆಲ್ಲ ಮುಂದಿಟ್ಟುಕೊಂಡು ಕೂತೆ. ಬೆಲ್ಲ ಸಿಹಿ ಇತ್ತು, ಆದರೆ ಬೆಲ್ಲವಾಗಿರಲಿಲ್ಲ. ಹುಣಸೆ ಹುಳಿಯಷ್ಟೇ. ಕೊತ್ತಂಬರಿ ಬೀಜ ಜಗಿದರೆ ಹೊಟ್ಟು. ಕಡೆಗೆ ಊರೂರು ತಿರುಗಿ ಮಾರುವ ಪಠಾಣ ಕೊಟ್ಟು ಹೋಗಿದ್ದ ಇಂಗು, ಮೂರು ಸುತ್ತು ಅರಿವೆಯಲ್ಲಿ ಕಟ್ಟಿಟ್ಟರೂ ಮನೆ ತುಂಬ ನಾರುವಂಥದ್ದು, ಅದನ್ನು ಬಿಚ್ಚಿ ಮೂಗಿಗೆ ಒತ್ತಿ ಹಿಡಿದೆ. ಏನೂ ಇಲ್ಲ. ಆಗ ತಿಳಿಯಿತು, ನಾಲಿಗೆ ಕೆಟ್ಟಿರಲಿಲ್ಲ. ಇಷ್ಟು ವರ್ಷ ನಾಲಿಗೆಯ ಹೆಸರಿನಲ್ಲಿ ಉಣ್ಣುತ್ತಿದ್ದದ್ದು ನನ್ನ ಮೂಗು.

ಯಾರಿಗೂ ಹೇಳಲಿಲ್ಲ. ಅಡುಗೆಯವಳು ಮೂಗಿನ ಮೇಲೇ ನಡೆಯಬೇಕಾದ ಮನೆಯಲ್ಲಿ ಮೂಗಿಲ್ಲ ಎಂದು ಹೇಳಿಕೊಂಡರೆ ಆ ನಾಲ್ಕು ದಿನದ ಮಣೆಯೂ ಹೋಗುತ್ತದೆ. ಜೀವಮಾನವೆಲ್ಲ ಬೀಸುವುದು, ನೀರು ಸೇದುವುದು. ಸವಣೂರಿಗೆ ಮರಳಿದ ಮೇಲೆ ಕಿವಿಯಿಂದ, ಕಣ್ಣಿಂದ ಅಡುಗೆ ಕಲಿತೆ. ಸಾಸಿವೆಯ ಸದ್ದು ಎಲ್ಲಿಗೆ ನಿಲ್ಲುತ್ತದೆ, ಮೆಂತ್ಯ ಯಾವ ಬಣ್ಣಕ್ಕೆ ತಿರುಗಿದಾಗ ಇಳಿಸಬೇಕು, ಎಣ್ಣೆಯಲ್ಲಿ ಇಂಗು ಎಷ್ಟು ಉಬ್ಬಬೇಕು. ಆದರೂ ಮೊದಲ ತುತ್ತಿಗೇ ನಮ್ಮವರು ತಲೆ ಎತ್ತಿ, "ವೈನಿ ಹೊರಗ ಕೂತಾರೇನು?" ಎಂದು ಕೇಳಿದರು. ಆ ತಿಂಗಳು ಕೇಳಿದರು, ಮರು ತಿಂಗಳು ಕೇಳಿದರು. ಜ್ವರ ಬರುವ ಮುಂಚೆ ಆ ಮಾತು ಒಂದು ಸಲವೂ ಕೇಳಿದವರಲ್ಲ. ಇನ್ನೊಬ್ಬಳು ಹೊರಗೆ ಕೂತದ್ದು ನನ್ನ ಗಂಡನಿಗೆ ಒಂದು ತುತ್ತಿನಲ್ಲಿ ತಿಳಿಯುತ್ತದೆ! ನನಗೆ ಮೈಯೆಲ್ಲ ಉರಿಯಿತು.

ಆ ಉರಿಯಲ್ಲೇ ಒಂದು ಮಾತು ಹೊಳೆಯಿತು. ಅತ್ತೆ ಹೂ ಬಿಡಿಸುವಾಗ ಹೋಗಿ ಹತ್ತಿರ ಕೂತೆ.

"ಅತ್ಯಾ, ಮೂಸಿದ ಹೂ ದೇವರಿಗೆ ಏರಸೂದಿಲ್ಲಲ್ಲ?"

"ಛೀ. ಮೂಸಿದರ ಎಂಜಲಾತು."

"ಹಂಗಾದರ ವೈನಿ ದಿನಾ ಹುಳಿ, ಸಾರು ಮೂಸೇ ನೈವೇದ್ಯಕ್ಕ ಕೊಡತಾರಲ್ಲ, ಅದು ನಡೀತದೇನ್ರಿ?"

ಅತ್ತೆಯ ಕೈ ನಿಂತಿತು. ಎಂಟು ವರ್ಷ ಯಾವ ಮೂಗನ್ನು ಹೊಗಳಿದ್ದರೋ ಅದೇ ಮೂಗು ಎಂಟು ವರ್ಷ ದೇವರಿಗೆ ಎಂಜಲು ಬಡಿಸಿತ್ತು. ಪಾಪ, ಅವರ ಮುಖ ಬಿಳಚಿಕೊಂಡಿತು. ನನಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ.

ಮರುದಿನದಿಂದ ವೈನಿ ಮಡಿ ಅರಿವೆಯ ಪಟ್ಟಿಯನ್ನು ಮೂಗಿಗೆ ಬಿಗಿದುಕೊಂಡು ಅಡುಗೆ ಮಾಡಬೇಕೆಂದು ಅತ್ತೆ ಅಪ್ಪಣೆ ಮಾಡಿದರು. ವೈನಿ ಪಟ್ಟಿ ಕಟ್ಟಿಕೊಳ್ಳುವಾಗ ಒಂದು ಸಲ ನನ್ನ ಕಡೆ ನೋಡಿದರು, ಅಷ್ಟೇ. ಮೂರನೆಯ ದಿನ ಹುಳಿ ತಳ ಹತ್ತಿತು, ಅವರಿಗೆ ಗೊತ್ತೇ ಆಗಲಿಲ್ಲ. ಗಂಡಸರು ಹುಳಿಯನ್ನು ಎಲೆಯ ಬದಿಗೆ ಸರಿಸಿ ಮಜ್ಜಿಗೆ ಅನ್ನ ಉಂಡರು. ನಾನು ಆ ಖುಷಿಗೆ ಅದೇ ಹುಳಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡೆ.

ಮೂಗು ಕಟ್ಟಿದ ಮೇಲೆ ಹಿರಿಯಳೇನು, ಕಿರಿಯಳೇನು? ಅತ್ತೆ ಒಂದು ವಾರ ಅವರಿಗೆ, ಒಂದು ವಾರ ನನಗೆ ಎಂದು ಒಲೆ ಹಂಚಿದರು. ನಾನೂ ಪಟ್ಟಿ ಬಿಗಿದುಕೊಂಡು ಕೂತೆ. ವೈನಿ ಕತ್ತಲಲ್ಲಿ ತಡಕಾಡಿದ ಹಾಗೆ ತಡಕಾಡಿದರು. ನನಗೆ ಆ ಕತ್ತಲು ವರ್ಷದಿಂದ ರೂಢಿ. ಎರಡು ತಿಂಗಳಲ್ಲಿ ನನ್ನ ಅಡುಗೆ ಅವರದಕ್ಕಿಂತ ಮೇಲಾಯಿತು. ಒಂದು ದಿನ ನಮ್ಮವರು ಎರಡನೆಯ ಸಲ ಸಾರು ಹಾಕಿಸಿಕೊಂಡು, "ಪರವಾ ಇಲ್ಲ, ಛಲೋ ಆಗೇದ" ಎಂದರು. ಒಳಗೆ ಹೋಗಿ ನಾನೂ ಒಂದು ವಾಟಗ ಸಾರು ಬಗ್ಗಿಸಿಕೊಂಡು ಕುಡಿದೆ. ಬಿಸಿ ನೀರು, ಅದರಲ್ಲಿ ಉಪ್ಪು, ಹುಳಿ, ಖಾರ. ನಾನು ಮಾಡಿದ್ದನ್ನು ಅವರು ಉಂಡರು, ನನಗೆ ಸಿಗಲಿಲ್ಲ. ಅವತ್ತು ಗಂಡನ ಮೇಲೂ ಹೊಟ್ಟೆಕಿಚ್ಚುಪಟ್ಟೆ.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಭಾವನವರಿಗೆ ಶಿಗ್ಗಾವಿಯಲ್ಲಿ ಮಾಸ್ತರಿಕೆ ಸಿಕ್ಕಿತು. ವೈನಿ ಅಲ್ಲಿ ಬೇರೆ ಮನೆ ಹೂಡಿದರು. ಮೂಗು ಕಟ್ಟು ಎನ್ನಲು ಅಲ್ಲಿ ಅತ್ತೆ ಇರಲಿಲ್ಲ. ಇಲ್ಲಿ ಒಲೆ ಪೂರಾ ನನ್ನದಾಯಿತು. ಆದರೆ ಹುಲಗೂರಿನಲ್ಲಿದ್ದ ನಮ್ಮ ಹೊಲದ ಕಾಗದಪತ್ರಕ್ಕೆಂದು ನಮ್ಮವರು ಮಂಗಳವಾರ ಮಂಗಳವಾರ ಶಿಗ್ಗಾವಿಯ ಕಚೇರಿಗೆ ಹೋಗತೊಡಗಿದರು. ಬಂದವರೇ, "ಹಸಿವಿಲ್ಲ" ಎನ್ನುತ್ತಿದ್ದರು. ಎಲ್ಲಿ ಉಂಡಿರಿ ಎಂದರೆ, "ಅಲ್ಲೇ ಎಲ್ಲೋ ಫಳಾರ ಮಾಡಿದೆ." ಮುಚ್ಚಿಡುವಂಥದ್ದೇನಿತ್ತು? ಮುಚ್ಚಿಟ್ಟರು ಎಂದೇ ನನಗೆ ಸಂಶಯ, ಉಂಡದ್ದು ವೈನಿಯ ಮನೆಯಲ್ಲೇ ಎಂದು.

ಒಂದು ಮಂಗಳವಾರ ಅಂಗಿ ಕಳಚಿ ಹಿತ್ತಲ ಹಗ್ಗಕ್ಕೆ ಹಾಕಿ ಅವರು ಕಾಲು ತೊಳೆಯಲು ಹೋದರು. ನಾನು ಹೋಗಿ ಅಂಗಿಯನ್ನು ಎಳೆದುಕೊಂಡೆ. ಬೆನ್ನು, ತೋಳು ಒದ್ದೆಯಿತ್ತು, ಬೆವರು ಎಂದುಕೊಂಡೆ. ಇನ್ನೊಬ್ಬಳ ಒಗ್ಗರಣೆ ಇದರಲ್ಲಿ ಇದ್ದೇ ಇದೆ ಎಂದು ಗೊತ್ತು, ಹಿಡಿಯಲು ಮೂಗಿಲ್ಲ. ಮುಖಕ್ಕೆ ಒತ್ತಿ ಒತ್ತಿ ಉಸಿರೆಳೆದೆ. ಹಿಂದೆ ಅವರು ಬಂದು ನಿಂತಿದ್ದರು.

"ಏನ ಹುಡುಕತೀ ಅದರಾಗ?"

ಸಿಕ್ಕಿಬಿದ್ದ ಸಿಟ್ಟಿಗೆ ಬಾಯಿಗೆ ಬಂದದ್ದು ಹೇಳಿದೆ. "ಹುಡುಕೂದೇನದ? ನೀವು ಬಾಗಲಕ್ಕ ಬಂದಾಗನ ಬಂತು. ವೈನಿ ಒಗ್ಗರಣಿ ವಾಸನಿ. ಇಂಗು."

"ಇಂಗ?"

"ಹೂಂ, ಇಂಗು. ನನ್ನ ಮೂಗಿಗೆ ಮೋಸ ನಡಿಯೂದಿಲ್ಲ."

ಅವರು ಅಂಗಿಯ ಒದ್ದೆ ತೋಳನ್ನು ಮುಟ್ಟಿ ತೋರಿಸಿದರು. "ಮೋಟಾರಿನ್ಯಾಗ ಒಬ್ಬನ ಡಬ್ಬಿ ಮಗುಚಿ ಅರ್ಧಾ ಚಿಮಣಿ ಎಣ್ಣಿ ನನ್ನ ಮೈಮ್ಯಾಲೆ ಚೆಲ್ಲೇದ. ಹಾದಿ ತುಂಬ ಮಂದಿ ಮೂಗು ಮುಚ್ಚಿಕೊಂಡ್ರು. ನಿನಗ ಇಂಗಿನ ವಾಸನಿ ಬಂತ?"

ನಾನು ಬೆವರು ಎಂದುಕೊಂಡದ್ದು ಸೀಮೆಎಣ್ಣೆ. ಅವರು ಅಂಗಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು.

"ಹಂಗಾದರ ವೈನಿ ಹೇಳಿದ್ದು ಖರೇನ. ತಳ ಹತ್ತಿದ ಹುಳಿ ನೀ ಎರಡ ಸಲಾ ಹಾಕಿಸಿಕೊಂಡ್ಯಂತಲ್ಲ, ಅವತ್ತ ಅವರಿಗೆ ತಿಳೀತಂತ. ಅವ್ವಗ ಹೇಳಬ್ಯಾಡ್ರಿ, ಅಕಿ ಒಲಿ ಮುಂದ ಇದ್ದಾಗ ಅಷ್ಟ ಲಕ್ಷ್ಯ ಇಡ್ರಿ ಅಂದ್ರು. ನಾ ನಂಬಿದ್ದಿಲ್ಲ."

ಮೂಗು ಕಟ್ಟಿಸಿದವಳು ನಾನೆಂದು ಗೊತ್ತಿದ್ದೂ, ಒಂದೇ ಮಾತಿನಲ್ಲಿ ನನ್ನ ಮಣೆ ಕಸಿಯಬಹುದಾಗಿದ್ದೂ ವೈನಿ ಅತ್ತೆಯ ಮುಂದೆ ಬಾಯಿ ಬಿಟ್ಟಿರಲಿಲ್ಲ. ಇದು ನನಗೆ ಹೊಳೆಯಲು ಬಹಳ ದಿನ ಬೇಕಾಯಿತು. ಆ ಹೊತ್ತಿಗೆ ಹೊಳೆದದ್ದು ಒಂದೇ, ನನ್ನ ಮೂಗಿನ ಸುದ್ದಿಯನ್ನು ಇವರಿಬ್ಬರೂ ಕೂತು ಮಾತಾಡಿದ್ದಾರೆ.

"ಊಟಾ ಅಲ್ಲೇ ಆತಲ್ಲ?"

"ಆತು."

"ಏನ ಮಾಡಿದ್ರು?"

"ಬ್ಯಾಳಿ ಸಾರು, ಅನ್ನ."

"ಹೆಂಗಿತ್ತು? ಖರೇ ಹೇಳ್ರಿ."

ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡುವ ಜಾಣತನ ಆ ಮನುಷ್ಯನಿಗೆ ಎಂದೂ ಬರಲಿಲ್ಲ. ಅಂಗಿ ಹಿಡಿದುಕೊಂಡೇ ಸ್ವಲ್ಪ ವಿಚಾರ ಮಾಡಿ ಹೇಳಿದರು:

"ಹೆಂಗಂದರ, ಜ್ವರಾ ಬರೂದಕ್ಕಿಂತ ಮೊದಲ ನೀ ಮಾಡತಿದ್ಯಲ್ಲ, ಥೇಟ್ ಹಂಗ."

ಇಷ್ಟು ವರ್ಷ ವೈನಿಯ ಮೇಲೆ ಪಟ್ಟ ಹೊಟ್ಟೆಕಿಚ್ಚೆಲ್ಲ ಸೇರಿದರೂ ಆ ಗಳಿಗೆಯದಕ್ಕೆ ಸಮವಾಗಲಾರದು. ಜ್ವರಕ್ಕೆ ಮುಂಚಿನ ಆ ಹುಡುಗಿಯ ಮೇಲೆ ಉರಿದುಬಿದ್ದೆ. ಅವಳಿಗೆ ಎಲ್ಲವೂ ಇತ್ತು, ಇದೆಯೆಂದು ಇವರು ಅವಳಿಗೆ ಒಂದು ಸಲವೂ ಹೇಳಿರಲಿಲ್ಲ.