ಚಳಿಗಾಲದಲ್ಲಿ ಆರಿಸಿದ ರ‍್ಯಾಮ್

ಸೇಡಂನ ಐಶ್ವರ್ಯ ಮದುವೆ ವಿಡಿಯೊ ಎಡಿಟ್ ಮಾಡುವವಳು. ಅವಳ ಕಂಪ್ಯೂಟರೋ ಮಹಾ ಮೊಂಡು. ಸರಿಯಾಗಿ ಅಕ್ಷತೆ ಬೀಳುವ ಹೊತ್ತಿಗೆ ತೆರೆಯ ಮೇಲೆ ಮದುಮಕ್ಕಳು ಕಲ್ಲಾಗಿ ನಿಲ್ಲುತ್ತಿದ್ದರು. ಕಳೆದ ಚಳಿಗಾಲ ಅದರ ನೆನಪಿನ ಪಟ್ಟಿ ಬದಲಿಸಲೆಂದು ಹೊಸ ರ‍್ಯಾಮ್ ತರಲು ಹೊರಟಳು. ಬಣ್ಣಬಣ್ಣದ ದೀಪ ಮಿನುಗುವ ದುಬಾರಿ ರ‍್ಯಾಮಿಗೆ ಮನಸ್ಸು ಸೋತಿತ್ತು. ಅಂಗಡಿಯ ಬಂದೇನವಾಜ್ ತಡೆದ.

“ದೀಪಕ್ಕ ಮರುಳಾಗಬ್ಯಾಡ್ರಿ ಅಕ್ಕೋರ. ಈ ಸಾದಾದ್ರಾಗೂ ಚಿಪ್ ಭಾಳ ಚಲೋ ಅದ. ಸ್ಪೀಡ್ ನೀವೇ ಏರಿಸ್ಕೋರಿ. ಏರಿಸಿದ ಮ್ಯಾಲ ಟೆಸ್ಟ್ ಮಾತ್ರ ಮಾಡ್ರಿ.”

ಸಾದಾ ರ‍್ಯಾಮನ್ನೇ ತಂದಳು. ಕಂಪನಿ ಹೇಳಿದ ವೇಗವನ್ನು ಮೀರಿ ಸ್ವಲ್ಪಸ್ವಲ್ಪವೇ ಏರಿಸಿ, ಪ್ರತಿ ಸಲವೂ ಪರೀಕ್ಷಿಸಿದಳು. ಒಂದೂ ತಪ್ಪು ಬರಲಿಲ್ಲ. ಕಡಿಮೆ ದುಡ್ಡಿಗೆ ದುಬಾರಿ ಮಾಲಿನ ಓಟ ಸಿಕ್ಕಿತೆಂದು ಗಂಡನ ಮುಂದೆ ಇಲ್ಲದ ಮೀಸೆ ತಿರುವಿದಳು.

ಬೇಸಿಗೆಯಲ್ಲಿ ಚೊಚ್ಚಲ ಹೆರಿಗೆಗೆ ಶಹಾಬಾದಿನ ತವರಿಗೆ ಬಂದಾಗ ಕಂಪ್ಯೂಟರೂ ಜೊತೆಗೆ ಬಂತು. ಅವ್ವ ಗುರುಲಿಂಗಮ್ಮನಿಗೆ ಗಂಟಲ ಕ್ಯಾನ್ಸರ್. ಆಪರೇಷನ್ ಆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಆಸ್ಪತ್ರೆಗೆ ಹೊರಡುವ ಮುಂಚೆ ಅವ್ವ ಮಗಳನ್ನು ಕರೆದಳು.

“ಹುಟ್ಟೋ ಕೂಸಿಗಿ ಜೋಗುಳ ನಾನೇ ಹಾಡಬೇಕಂತ ಆಸೆ ಇತ್ತು. ಈಗೇ ಹಾಡ್ತೀನಿ, ಮೊಬೈಲ್ನಾಗ ಹಿಡ್ಕೋ.”

ಒಡೆದ ದನಿಯಲ್ಲೇ ಪೂರ್ತಿ ಹಾಡಿದಳು. ಐಶ್ವರ್ಯ ಅದನ್ನು ಕಂಪ್ಯೂಟರಿಗೆ ಇಳಿಸಿ, ತುಂಬಿಹೋಗಿದ್ದ ಮೊಬೈಲಿನಿಂದ ಅಳಿಸಿದಳು. ಮತ್ತೆ ಕೇಳಿ ನೋಡಲು ಕರುಳು ಒಪ್ಪಲಿಲ್ಲ. ಹೊರಗೆ ಬೆಂಕಿಯಂಥ ಬಿಸಿಲು, ತಲೆಯ ಮೇಲೆ ಕಾದ ಫರಸಿ ಕಲ್ಲಿನ ಮಾಳಿಗೆ. ಚಳಿಯಲ್ಲಿ ಪಾಸಾಗಿದ್ದ ರ‍್ಯಾಮ್ ಆ ಸೆಕೆಯಲ್ಲಿ, ತನ್ನ ಮೂಲಕ ಹಾದುಹೋಗುವ ಫೈಲುಗಳಲ್ಲಿ ಸದ್ದಿಲ್ಲದೆ ತಪ್ಪು ಮಾಡತೊಡಗಿತ್ತು.

ಕುತ್ತಿಗೆಗೆ ಪಟ್ಟಿ ಕಟ್ಟಿಸಿಕೊಂಡು ಅವ್ವ ಮನೆಗೆ ಬಂದಳು. ಕಂಪ್ಯೂಟರಿನತ್ತ ಬೆರಳು ತೋರಿ ಕಿವಿ ಮುಟ್ಟಿಕೊಂಡಳು. ಐಶ್ವರ್ಯ ಹಾಡು ಹಚ್ಚಿದಳು. “ಜೋ” ಎಂಬಷ್ಟು ಕೇಳಿತು, ಆಮೇಲೆ ಬರೀ ಗರಗರ. ಮತ್ತೆ ಹಚ್ಚಿದಳು, ಅದೇ ಗರಗರ. ಬಂದೇನವಾಜ್‌ಗೆ ಫೋನ್ ಹಚ್ಚಿದಳು.

“ಸ್ಪೀಡ್ ಇಳಿಸ್ರಿ, ಮಷಿನ್ ಸರಿ ಆಗ್ತದ. ಕೆಟ್ಟು ಕುಂತ ಫೈಲ್ ತಿರುಗಿ ಬರಂಗಿಲ್ರಿ.”

“ನಾ ಟೆಸ್ಟ್ ಮಾಡಿದ್ದೆನಲ್ರಿ.”

“ಯಾವಾಗ ಮಾಡಿದ್ರಿ?”

“ಚಳಿಗಾಲದಾಗ.”

ಅಂದವಳೇ ಫೋನ್ ಇಟ್ಟಳು.

ವೇಗ ಇಳಿಸಿದಳು. ಕಂಪ್ಯೂಟರ್ ಸರಿಹೋಯಿತು, ಹಾಡು ಹೋಗಿಯೇ ಹೋಯಿತು. ಸುಡುವ ಬಿಸಿಲನ್ನು ಬೈಯಬೇಕೋ, ತನ್ನ ಓಟದ ಹುಚ್ಚನ್ನೋ. ಅವ್ವನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು.

“ನಾನೇ ಕೆಡಿಸಿದೆ ಯವ್ವಾ.”

ಅವ್ವ ಅವಳ ಕಣ್ಣೊರೆಸಿದಳು. ಮಗಳ ಗಂಟಲು ಮುಟ್ಟಿ, ಬಸುರಿನ ಮೇಲೆ ಕೈಯಿಟ್ಟಳು. ನೀನೇ ಹಾಡು ಎಂದು ಅದರರ್ಥ. ಐಶ್ವರ್ಯಳಿಗೆ ಜೋಗುಳ ಬಾಯಿಪಾಠವಿತ್ತು. ಬಾಯಿ ತೆರೆದಳು, ದನಿ ಹೊರಡಲಿಲ್ಲ. ಮಗಳು ಮರೆತಿದ್ದಾಳೆಂದುಕೊಂಡು ಅವ್ವ ಬರಿದೇ ತುಟಿಯಾಡಿಸಿ ಮೊದಲ ಸಾಲು ಹೇಳಿಕೊಟ್ಟಳು.