ಲಿಡಿಯಾಳ ಕಲ್ಲಿಗೆ ಕನ್ನಡಿ ಹಿಡಿದವರು

ಏಪ್ರಿಲ್ ತಿಂಗಳ ಬೆಳಗಿನ ಆರೂವರೆ. ಅಮೆರಿಕದ ಮೆಟುಚೆನ್ ಊರಿನ ಅಂಚಿನ ಹಳೆಯ ಸ್ಮಶಾನದಲ್ಲಿ ಇಬ್ಬನಿ ಇನ್ನೂ ಆರಿಲ್ಲ. ಐವತ್ತೆಂಟರ ಬೇಬಿ ಒಂದು ಗೋರಿಕಲ್ಲಿನ ಮುಂದೆ ಮಂಡಿಯೂರಿ, ನೀರು ಹಾಕಿ ಮೆತ್ತನೆಯ ಬ್ರಷ್‌ನಿಂದ ಉಜ್ಜುತ್ತಿದ್ದಾರೆ. ಹತ್ತು ಹೆಜ್ಜೆ ಆಚೆ, ಎಳೆಬಿಸಿಲಿನಲ್ಲಿ, ಗಂಡ ಶೀನ ಡ್ರೆಸ್ಸಿಂಗ್ ಟೇಬಲ್ಲಿನಿಂದ ಬಿಚ್ಚಿ ತಂದ ಕನ್ನಡಿ ಹಿಡಿದು ನಿಂತಿದ್ದಾರೆ.

"ಸ್ವಲ್ಪ ಓರೆ ಮಾಡಿ ಮಾರಾಯ್ರೇ! ಬೆಳಕು ಕಲ್ಲಿಗೆ ಬೀಳ್ಬೇಕು, ನನ್ನ ಕಣ್ಣಿಗಲ್ಲ!"

ಉಡುಪಿ ಕಡೆಯ ಬೇಬಿ ಇಲ್ಲಿ ಕಲ್ಲು ತೊಳೆಯಲು ಸೇರಿ ಆರು ವರ್ಷ. ಇನ್ನೂರ ಹನ್ನೆರಡು ಕಲ್ಲು, ಒಂದಕ್ಕೆ ಮುಕ್ಕಾಲು ಗಂಟೆ, ದಿನಕ್ಕೆ ಆರು. ಕಳೆದ ವರ್ಷ ಬ್ಯಾಂಕುಗಳು ಮಕಾಡೆ ಮಲಗಿದವು ನೋಡಿ, ಶೀನ ಅಡುಗೆ ಮಾಡುತ್ತಿದ್ದ ಹೋಟೆಲಿಗೂ ಬೀಗ ಬಿತ್ತು. ಬೇಬಿಯ ಐದು ದಿನದ ಕೆಲಸ ಎರಡಕ್ಕಿಳಿಯಿತು. ಉಳಿದ ಮೂರು ದಿನವೂ ಅವರು ಬರುತ್ತಾರೆ, ಸಂಬಳವಿಲ್ಲದೆ. ಹುಚ್ಚೇ ಎಂದು ಕೇಳಿದವರಿಗೆ ಈ ಒಂದು ಕಲ್ಲನ್ನು ತೋರಿಸುತ್ತಾರೆ.

ಇದು ಸೂಲಗಿತ್ತಿ ಲಿಡಿಯಾ ಕ್ರೇನ್ ಅವರದು. ಹುಟ್ಟಿದ್ದು ೧೮೫೨. ಎಷ್ಟು ಹೆರಿಗೆ ಮಾಡಿಸಿದರೆಂಬುದು ಕೊನೆಯ ಸಾಲಿನಲ್ಲಿತ್ತು, ಅಂಕಿ ಈಗ ಯಾರಿಗೂ ನೆನಪಿಲ್ಲ. ಆ ಸಾಲನ್ನು ಅಳಿಸಿದ್ದು ಮಳೆಯಲ್ಲ, ಹಿಮವಲ್ಲ, ಸ್ವತಃ ಬೇಬಿ. ಕೆಲಸಕ್ಕೆ ಸೇರಿದ ವಾರವೇ, ಪಾಚಿ ಹೋಗಲೆಂದು ಹುಣಿಸೆಹುಳಿ ಮೆತ್ತಿ ತೆಂಗಿನ ನಾರಿನಿಂದ ತಿಕ್ಕಿದ್ದರು. ಅಮೃತಶಿಲೆಯನ್ನು ಹುಳಿ ತಿಂದುಬಿಟ್ಟಿತು.

"ದೇವರ ದೀಪ ಹುಣಿಸೆಹುಳಿಯಲ್ಲಿ ಫಳಫಳ ಆಗ್ತದಲ್ವಾ? ಹಿತ್ತಾಳೆಗೆ ಆಗುವುದು ಕಲ್ಲಿಗೂ ಆಗ್ತದೆ ಅಂತ ಎಣಿಸಿದೆ. ಒಳ್ಳೇದು ಮಾಡ್ಲಿಕ್ಕೆ ಹೋಗಿ ಆ ಅಮ್ಮನ ಬಾಯಿ ಕಟ್ಟಿದ ಹಾಗಾಯ್ತು."

ಆರು ವರ್ಷ ಒಳಗೇ ಕುಟುಕುತ್ತಿದ್ದ ಈ ತಪ್ಪು ಈಗ ಕುತ್ತಿಗೆಗೆ ಬಂದಿದೆ. ಹಣವಿಲ್ಲದ ಸ್ಮಶಾನ ಸಮಿತಿ, ಲಿಡಿಯಾ ಅವರ ಕಾಲದಲ್ಲಿ ಊರು ಕಟ್ಟಿದ ಗಣ್ಯರ ಕಲ್ಲುಗಳನ್ನು ಮಾತ್ರ ಇನ್ನು ನೋಡಿಕೊಳ್ಳುತ್ತದಂತೆ. ಮಿಕ್ಕವು ಹುಲ್ಲಿನ ಪಾಲು. ಪಟ್ಟಿಯಲ್ಲಿ ಇಟ್ಟಿಗೆ ಕಾರ್ಖಾನೆಯ ಧಣಿ ಇದ್ದಾರೆ, ಜಡ್ಜ್ ಇದ್ದಾರೆ. ಅವರ ಮಕ್ಕಳನ್ನು ಭೂಮಿಗೆ ತಂದವಳು ಮಾತ್ರ ಇಲ್ಲ! "ಪ್ರೂಫ್ ಇಲ್ದೆ ಆಡ್ ಮಾಡಕ್ಕಾಗಲ್ಲ ಆಂಟಿ, ಶುಕ್ರವಾರ ಲಾಸ್ಟ್ ಡೇಟ್," ಎಂದಿದ್ದಾರೆ ಸಮಿತಿಯ ಕಾರ್ಯದರ್ಶಿ, ಮೈಸೂರಿನ ನಿರುಪಮಾ.

ಇಂದೇ ಶುಕ್ರವಾರ. ಕಲ್ಲಿನ ಮುಖ ಪಶ್ಚಿಮಕ್ಕಿದೆ, ಬೆಳಿಗ್ಗೆ ನೆರಳು. ಆ ನೆರಳಿನ ಮೇಲೆ ಪಕ್ಕದಿಂದ ಕನ್ನಡಿಯ ಬೆಳಕು ಜಾರಿದರೆ ಸವೆದ ಅಕ್ಷರದ ಗುಳಿಯೂ ಕಪ್ಪಾಗಿ ಕಾಣುತ್ತದೆ. ಹನ್ನೊಂದು ಬೆಳಗು ಮೋಡ ಕವಿದು ಬಿಸಿಲು ಕೈಕೊಟ್ಟಿದೆ. ರೈಲಿಗೆ ಹೊರಟಿದ್ದ ನಿರುಪಮಾ, ಬೇಬಿಯ ಒತ್ತಾಯಕ್ಕೆ ಬಂದು ಗಡಿಯಾರ ನೋಡುತ್ತ ನಿಂತಿದ್ದಾರೆ.

ಶೀನ ಕನ್ನಡಿಯನ್ನು ಒಂದು ಬೆರಳಿನಷ್ಟು ತಿರುಗಿಸುತ್ತಾರೆ. "ಹಾಂ, ಅಲ್ಲೇ! ಅಲುಗಬೇಡಿ, ಉಸಿರೂ ಬಿಡಬೇಡಿ!" ಬೇಬಿ ಬೆರಳಿಟ್ಟು ಒಂದೊಂದೇ ಅಂಕಿ ಓದುತ್ತಾರೆ. ಒಂದು. ಒಂದು. ನಾಲ್ಕು. ಮೂರು.

"ಓ ಮೈ ಗಾಡ್, ಸಾವಿರದ ನೂರ ನಲವತ್ಮೂರು ಡೆಲಿವರಿ!" ನಿರುಪಮಾ ಬಗ್ಗಿ ಫೋಟೋ ಮೇಲೆ ಫೋಟೋ ತೆಗೆಯುತ್ತಾರೆ. "ಲಿಸ್ಟ್‌ಗೆ ಹಾಕ್ತೀನಿ ಆಂಟಿ. ಇವತ್ತೇ." ಅತ್ತ ಅವರ ರೈಲು ಹೊರಟೇಹೋಗುತ್ತದೆ.

ಸೆರಗಿಲ್ಲ, ಬೇಬಿ ಸ್ವೆಟರಿನ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ. ಈ ಬರಹದ ಜೊತೆ ಪತ್ರಿಕೆಗೆ ನಿಮ್ಮದೊಂದು ಫೋಟೋ ಬೇಕಲ್ಲ ಎಂದು ನಾವು ಕೇಳಿದರೆ ಬೇಡವೆಂದು ಕೈ ಅಲ್ಲಾಡಿಸುತ್ತಾರೆ.

"ನನ್ನದು ಎಂತಕ್ಕೆ? ಆ ಅಮ್ಮನ ಕಲ್ಲಿನದ್ದು ಹಾಕಿ. ಬೇಗ ತೆಗೀರಿ, ಬಿಸಿಲು ಏರಿದ್ರೆ ಅವರು ಕಾಣುವುದಿಲ್ಲ."