ಕೆಳಗಿನ ಟಿವಿಯಲ್ಲಿ ಮೇಲಿನ ಮದುವೆ

"ತಾಳಿ ಕಟ್ಟೋದು ನಿಲ್ಸಿ, ಅಜ್ಜಿಗೆ ಕಾಣ್ತಿಲ್ವಂತೆ!"

ಇವತ್ತು ಬೆಳಿಗ್ಗೆ ವಿಜಯನಗರದ ಛತ್ರದಲ್ಲಿ, ಹಸೆಮಣೆಯ ಮೇಲಿಂದ ಹೀಗೆ ಕೂಗಿದ್ದು ಮದುಮಗಳು, ಅಂದರೆ ನನ್ನ ತಂಗಿ. ನಂಬಿ ಗೆಳೆಯರೇ, ಇದು ನಿಜ.

ಛತ್ರದ ಲಿಫ್ಟ್ ಕೆಟ್ಟಿತ್ತು. ಅಜ್ಜಿ ಮೆಟ್ಟಿಲು ಹತ್ತಲಾರರು. ಅದಕ್ಕೇ ನಾನು ಮಹಡಿಯ ಮಂಟಪದ ಕ್ಯಾಮೆರಾದಿಂದ ಕೆಳಗಿನ ಕೋಣೆಯ ಟಿವಿಯವರೆಗೆ ನೆಟ್‌ವರ್ಕ್ ಕೇಬಲ್ ಎಳೆದು, ಎರಡೂ ತುದಿಗೆ ಚಿತ್ರ ಸಾಗಿಸುವ ಒಂದೊಂದು ಪುಟ್ಟ ಪೆಟ್ಟಿಗೆ ಜೋಡಿಸಿದ್ದೆ. ಚಿತ್ರ ಕನ್ನಡಿಯ ಹಾಗೆ ಬರುತ್ತಿತ್ತು. ಸರಿಯಾಗಿ ಮುಹೂರ್ತದ ಹೊತ್ತಿಗೆ ಟಿವಿ ಕಪ್ಪಾಯಿತೆಂದು ಕೆಳಗಿನಿಂದ ಫೋನ್ ಬಂತು.

"ಮುಹೂರ್ತ ಮೀರತ್ತಮ್ಮಾ," ಎಂದರು ಪುರೋಹಿತರು.

"ಮೀರ್ಲಿ ಬಿಡಿ. ನನ್ನ ಸಾಕಿದ್ದು ಅಜ್ಜಿ," ಎಂದಳು ತಂಗಿ. ಪಾಪ, ವರ ತಾಳಿ ಹಿಡಿದುಕೊಂಡೇ ನಿಂತಿದ್ದ.

ನಾನು ಕೇಬಲ್ ನೋಡುತ್ತಾ ಮೆಟ್ಟಿಲಿಳಿದು ಓಡಿದೆ. ಕೇಬಲ್‌ಗೆ ಏನೂ ಆಗಿರಲಿಲ್ಲ. ಅಜ್ಜಿಯ ಕೋಣೆಯ ಹೊರಗೆ ಅಡುಗೆಯವರು ನನ್ನ ಪೆಟ್ಟಿಗೆಯ ಪ್ಲಗ್ ಕಿತ್ತು ಮಿಕ್ಸಿ ಹಾಕಿದ್ದರು.

"ಚಟ್ನಿ ಆಗ್ಬೇಕಲ್ಲ ಸಾರ್?"

"ಅಣ್ಣ, ಮೇಲೆ ಮದುವೇನೇ ನಿಂತೋಗಿದೆ!"

ಮಿಕ್ಸಿ ಕಿತ್ತು ಪೆಟ್ಟಿಗೆಯ ಪ್ಲಗ್ ಚುಚ್ಚಿದೆ. ಟಿವಿಯಲ್ಲಿ ಮಂಟಪ ಮೂಡಿತು. "ಕಟ್ಸಿ!" ಎಂದು ಫೋನಿನಲ್ಲಿ ಕಿರುಚಿ ಅಜ್ಜಿಯ ಪಕ್ಕದಲ್ಲಿ ಕುಸಿದು ಕೂತೆ. ಗಟ್ಟಿಮೇಳ ಮೊಳಗಿತು. ಅದೇ ಕ್ಷಣಕ್ಕೆ ನಮ್ಮ ಚಿಕ್ಕಪ್ಪ ಮೊಬೈಲ್ ಎತ್ತಿಕೊಂಡು ಕ್ಯಾಮೆರಾಕ್ಕೆ ಅಡ್ಡ ನಿಂತರು. ಟಿವಿ ತುಂಬಾ ಅವರ ಬೆನ್ನು.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು.

"ಇವನ ಅಂಗಿ ಹೊಲಿಗೆ ಬಿಟ್ಟಿದೆ ನೋಡೋ. ಎಷ್ಟು ಸ್ಪಷ್ಟವಾಗಿ ಕಾಣತ್ತೆ!"